ನೋಟದ ಲೆಕ್ಕ ಯಾರ ಪುಸ್ತಕದಲ್ಲಿದೆ?

ಮಲೆನಾಡಿನ ಜಗಲಿಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಯಾತ್ರಾಪುರಾಣ ಕೇಳಿಬರುತ್ತಿದೆ. ಹಿಂದೆ ಕಾಶಿ-ರಾಮೇಶ್ವರ, ಆಮೇಲೆ ಸಿಂಗಪುರ, ಈಗ ಅಲಾಸ್ಕ. ಮಗನೋ ಮಗಳೋ ಸಿಯಾಟಲ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿರುತ್ತಾರೆ. ತಂದೆ-ತಾಯಿ ತೋಟವನ್ನು ನೆಂಟರಿಗೆ ವಹಿಸಿ ಆರು ತಿಂಗಳಿಗೆಂದು ಅಲ್ಲಿಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಒಂದು ವಾರ ಅವರನ್ನು ಹಡಗು ಹತ್ತಿಸಿ ಉತ್ತರದ ತಣ್ಣನೆಯ ಕರಾವಳಿಯನ್ನು ತೋರಿಸುವುದು ಮಕ್ಕಳ ಪಾಲಿಗೆ ಈಗ ಒಂದು ಕರ್ತವ್ಯವೇ ಆಗಿದೆ. ಊರಿಗೆ ಮರಳಿದ ಹಿರಿಯರು ಮೊಬೈಲ್ ತೆರೆದು ತೋರಿಸುತ್ತಾರೆ: ನೀಲಿ ಹಿಮದ ಗೋಡೆ, ನೀರಿನಿಂದ ಮೇಲೆದ್ದ ತಿಮಿಂಗಿಲದ ಬಾಲ, ಐಸ್‌ಕ್ರೀಮಿನ ಸಾಲು. ಕೇಳುವವರು ಬೆರಗಾಗುತ್ತಾರೆ. ಪಕ್ಕದ ಮನೆಯವರು ತಮ್ಮ ಮಗನಿಗೆ ಅಂದೇ ರಾತ್ರಿ ಫೋನು ಮಾಡುತ್ತಾರೆ.

ಆ ಹಿರಿಯರ ಸಂತೋಷದ ಬಗ್ಗೆ ನನ್ನ ತಕರಾರಿಲ್ಲ. ಜೀವಮಾನವಿಡೀ ಔಷಧಿ ಹೊಡೆದು, ಕೊಳೆ ರೋಗದೊಂದಿಗೆ ಗುದ್ದಾಡಿ, ಸೊಸೈಟಿಯ ಸಾಲ ತೀರಿಸಿದವರು ಒಂದು ವಾರ ಕುಳಿತು ಕಡಲು ನೋಡಿದರೆ ಯಾರ ಗಂಟೂ ಹೋಗುವುದಿಲ್ಲ. ನನ್ನ ತಕರಾರಿರುವುದು ಆ ಸಂತೋಷವನ್ನು ಮಾರುವವರ ಲೆಕ್ಕಪುಸ್ತಕದ ಬಗ್ಗೆ. ಟಿಕೆಟ್ಟಿನ ಮೇಲೆ ನಮೂದಾಗಿರುವ ಬೆಲೆಯಲ್ಲಿ ಹಿಮನದಿಯ ಪಾಲೆಷ್ಟು, ಅದರ ಬುಡದಲ್ಲಿ ಬದುಕುವ ಜನರ ಪಾಲೆಷ್ಟು, ದಿನಕ್ಕೆ ಎಷ್ಟು ಮಂದಿ ಬರಬಹುದೆಂದು ಹೇಳುವ ಹಕ್ಕು ಯಾರದು? ಈ ಪ್ರಶ್ನೆಗಳನ್ನು ಅಲ್ಲಿನ ಜನ ಕಾಲು ಶತಮಾನದಿಂದ ಕೇಳುತ್ತಿದ್ದಾರೆ. ನಾವು ಕೇಳುವ ಕಾಲವೂ ಬಂದಿದೆ.

ಕೇಳಿದ್ದನ್ನಷ್ಟೇ ನಂಬಿ ಬರೆಯುತ್ತಿಲ್ಲ. 2024ರ ಜುಲೈನಲ್ಲಿ ಮಣ್ಣುವಿಜ್ಞಾನದ ಕೆಲಸವೊಂದರ ಮೇಲೆ ಅಮೆರಿಕಕ್ಕೆ ಹೋಗಿದ್ದಾಗ, ಅಣ್ಣ-ಅತ್ತಿಗೆಯ ಜೊತೆ ನಾನೂ ಆ ಯಾನಕ್ಕೆ ಹೋಗಿದ್ದೆ. ಅದು ನನ್ನ ಮೊದಲ ಹಡಗು ಪ್ರಯಾಣ. ಸಿಯಾಟಲ್‌ನಿಂದ ಹೊರಟು, ಕೆನಡಾದ ಪಶ್ಚಿಮ ದ್ವೀಪಗಳನ್ನು ಬಳಸಿ, ಅಲಾಸ್ಕದ ಆಗ್ನೇಯ ಭಾಗದ ಇಕ್ಕಟ್ಟಾದ ಜಲಮಾರ್ಗಗಳಲ್ಲಿ ಸಾಗುವ ಏಳು ದಿನಗಳ ದಾರಿ ಅದು. ದ್ವೀಪಗಳ ಮರೆಯಲ್ಲೇ ಸಾಗುವುದರಿಂದ 'ಇನ್‌ಸೈಡ್ ಪ್ಯಾಸೇಜ್', ಅಂದರೆ ಒಳದಾರಿ, ಎಂದು ಹೆಸರು. ಕಾಗದ-ಪೆನ್ಸಿಲ್ ಹಿಡಿದು ಮೇಲಿನ ಅಟ್ಟಕ್ಕೆ ಹೊರಟ ನನ್ನನ್ನು ನೋಡಿ ಅಣ್ಣನ ಮಗ, "ಚಿಕ್ಕಪ್ಪ, ಇಲ್ಲೂ ಲೆಕ್ಕ ಬೇಡ, ಒಂದು ವಾರ ಸುಮ್ಮನೆ ನೋಡಿ" ಎಂದ. ನೋಡಿದೆ. ಲೆಕ್ಕವನ್ನೂ ಬಿಡಲಿಲ್ಲ.

ಮೊದಲು ನೋಟದ ಮಾತು. ಅದು ಸುಳ್ಳಲ್ಲ. ಮಲೆನಾಡಿಗನಿಗೆ ಆ ಕರಾವಳಿ ಅಪರಿಚಿತವೂ ಅಲ್ಲ. ಕಡಲಿನಿಂದ ಎದ್ದ ತೇವದ ಗಾಳಿ ದಡಕ್ಕಂಟಿದ ಬೆಟ್ಟಸಾಲಿಗೆ ಬಡಿದು ಮಳೆ ಸುರಿಸುವ ಕ್ರಮ ಅಲ್ಲಿಯೂ ಇಲ್ಲಿಯೂ ಒಂದೇ. ಕೆಚಿಕನ್ ಎಂಬ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ. ನಮ್ಮ ಆಗುಂಬೆಯ ಹತ್ತಿರಹತ್ತಿರ ಅರ್ಧ. ಮರದ ಕಾಂಡಕ್ಕೆಲ್ಲ ಪಾಚಿ, ಕೊಂಬೆಗಳಿಂದ ಇಳಿಬಿದ್ದ ಶಿಲಾವಲ್ಕ, ಮಧ್ಯಾಹ್ನವಾದರೂ ಹರಿಯದ ಮಂಜು. ಸುತ್ತಲಿನ ಟಾಂಗಾಸ್ ಅರಣ್ಯದ ವಿಸ್ತೀರ್ಣ ಒಂದೂವರೆ ಕೋಟಿ ಎಕರೆಗೂ ಹೆಚ್ಚು. ಕಡಲಿನಲ್ಲಿ ಬೆಳೆದ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಅಲ್ಲಿನ ಹೊಳೆಗಳನ್ನೇರಿ ಬರುತ್ತವೆ. ಕರಡಿಗಳು ಅವನ್ನು ಹಿಡಿದು ಕಾಡಿನೊಳಕ್ಕೆ ಎಳೆದೊಯ್ದು, ಅರ್ಧ ತಿಂದು, ಉಳಿದದ್ದನ್ನು ಬಿಟ್ಟುಹೋಗುತ್ತವೆ. ಆ ಮೀನಿನ ಸಾರಜನಕವು ಹೊಳೆದಂಡೆಯ ಸ್ಪ್ರೂಸ್ ಮರಗಳ ಎಲೆಗಳಲ್ಲಿ ಪತ್ತೆಯಾಗಿದೆ. ಬೆಟ್ಟದ ಸೊಪ್ಪು ತಂದು ತೋಟಕ್ಕೆ ಹಾಸುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿನ ಕಾಡಿಗೆ ಕಡಲೇ ಸೊಪ್ಪಿನ ಬೆಟ್ಟ.

ನನಗೆ ನಿಜವಾಗಿ ಮೈನವಿರೇಳಿಸಿದ್ದು ಗ್ಲೇಸಿಯರ್ ಬೇ ಎಂಬ ಕೊಲ್ಲಿ. 1794ರಲ್ಲಿ ವ್ಯಾಂಕೂವರನ ತಂಡ ಈ ಕರಾವಳಿಯ ನಕ್ಷೆ ಬರೆಯುವಾಗ ಅಲ್ಲಿ ಕೊಲ್ಲಿ ಇತ್ತೆನ್ನುವುದೇ ಕಷ್ಟ. ಅದರ ಬಾಯಿಯ ಹತ್ತಿರದವರೆಗೂ ಹಿಮದ ಗೋಡೆ ನಿಂತಿತ್ತು. 1879ರಲ್ಲಿ ಜಾನ್ ಮ್ಯೂರ್ ದೋಣಿಯಲ್ಲಿ ಬಂದಾಗ ಆ ಗೋಡೆ 60 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. 1916ರ ಹೊತ್ತಿಗೆ 100 ಕಿಲೋಮೀಟರ್ ಮೀರಿತ್ತು. ಹಿಮ ಸರಿದ ಕಡೆ ಉಳಿದದ್ದು ಬರೀ ಕಲ್ಲು, ಜಲ್ಲಿ. ಮಣ್ಣೆಂಬುದೇ ಇಲ್ಲ. ಅಂಥ ಕಡೆ ಮೊದಲು ಪಾಚಿ, ಬಳಿಕ ನೆಲಕ್ಕಂಟಿ ಬೆಳೆಯುವ ಡ್ರಯಾಸ್, ಅನಂತರ ಆಲ್ಡರ್ ಪೊದೆ, ಕೊನೆಗೆ ಸ್ಪ್ರೂಸ್ ಕಾಡು. ಆಲ್ಡರ್ ಮತ್ತು ಡ್ರಯಾಸ್‌ಗಳ ಬೇರಿನಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಾಣುಜೀವಿ ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ನಮ್ಮ ಕರಾವಳಿಯ ಗಾಳಿಮರದ ಬೇರುಗಂಟುಗಳಲ್ಲಿರುವುದೂ ಅದೇ ಕುಲ. ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿ 1916ರಲ್ಲಿ ಅಲ್ಲಿ ಪುಟ್ಟ ಪುಟ್ಟ ಚೌಕಗಳನ್ನು ಗುರುತುಮಾಡಿ ಗಿಡ ಎಣಿಸಲಾರಂಭಿಸಿದ. ಆ ಚೌಕಗಳ ಅಧ್ಯಯನ ನೂರು ವರ್ಷಗಳಾಚೆಗೂ ಮುಂದುವರಿದಿದೆ. ಆ ಪ್ರದೇಶ 1925ರಲ್ಲಿ ಸಂರಕ್ಷಿತ ಸ್ಮಾರಕವಾದದ್ದರ ಹಿಂದೆ ಕೂಪರನ ಒತ್ತಾಯವಿತ್ತು. 1980ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕೊಲ್ಲಿಯ ಬಾಯಿಯಿಂದ ಒಳಕ್ಕೆ ಸಾಗಿದಂತೆ ಕಾಡು ಎಳೆಯದಾಗುತ್ತ ಹೋಗಿ, ಪೊದೆಯಾಗಿ, ಪಾಚಿಯಾಗಿ, ಕೊನೆಗೆ ಬೆತ್ತಲೆ ಬಂಡೆಯಾಗಿ ನಿಲ್ಲುತ್ತದೆ. ಎರಡು ಶತಮಾನಗಳ ಮಣ್ಣಿನ ಚರಿತ್ರೆಯನ್ನು ಅರ್ಧ ದಿನದಲ್ಲಿ ಹಿಂದುಮುಂದಾಗಿ ಓದಿದ ಹಾಗೆ. ವಿದ್ಯಾರ್ಥಿಗಳಿಗೆ ಹತ್ತು ವರ್ಷ ಪಾಠ ಹೇಳಿದರೂ ನಾನು ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸಲಾರೆ.

ಆ ಹೊತ್ತಿನಲ್ಲಿ ಹಡಗಿನ ಒಳಗೆ ಬಿಂಗೋ ಆಟ ನಡೆಯುತ್ತಿತ್ತು. ಇರಲಿ.

ಈಗ ಲೆಕ್ಕಕ್ಕೆ ಬರೋಣ. ಈ ದಾರಿಯಲ್ಲಿ ಓಡುವ ದೊಡ್ಡ ಹಡಗುಗಳಲ್ಲಿ 4,000 ಪ್ರಯಾಣಿಕರೂ 1,700ರಷ್ಟು ಸಿಬ್ಬಂದಿಯೂ ಇರುತ್ತಾರೆ. ನಮ್ಮ ಸೀಮೆಯ ಹತ್ತು ಹನ್ನೆರಡು ಹಳ್ಳಿಗಳನ್ನು ಕೂಡಿಸಿದರೂ ಇಷ್ಟು ಮಂದಿಯಾಗುವುದಿಲ್ಲ. ಇಷ್ಟು ಜನರ ಶೌಚ, ಸ್ನಾನ, ಅಡಿಗೆ, ಬಟ್ಟೆಯ ಕೊಳೆ, ಅಷ್ಟನ್ನೂ ಹೊತ್ತು ಒಂದು ಊರೇ ಚಲಿಸುತ್ತದೆ. ಅಮೆರಿಕದ ಕಾನೂನಿನಂತೆ ದಡದಿಂದ ಮೂರು ನಾಟಿಕಲ್ ಮೈಲಿಯಾಚೆ ಶೌಚದ ನೀರನ್ನು ಶುದ್ಧೀಕರಿಸದೆ ಬಿಡಬಹುದಿತ್ತು. ಒಳದಾರಿಯ ನಡುವೆ ಎಲ್ಲ ದಡಗಳಿಂದಲೂ ಮೂರು ಮೈಲಿ ದೂರವಾಗುವ ಕೆಲವು ನೀರಿನ ತುಣುಕುಗಳಿವೆ. ಹಡಗುಗಳು ಅಂಥ ಜಾಗ ನೋಡಿಕೊಂಡು ತೊಟ್ಟಿ ಖಾಲಿಮಾಡುವ ಅವಕಾಶವಿತ್ತು. 2000ದ ಬೇಸಿಗೆಯಲ್ಲಿ ಹಡಗುಗಳ ನೀರಿನ ಮಾದರಿ ತೆಗೆದು ಪರೀಕ್ಷಿಸಿದಾಗ ಬಹುತೇಕ ಮಾದರಿಗಳು ನಿಗದಿತ ಮಟ್ಟವನ್ನು ಮೀರಿದ್ದವು. ಬಚ್ಚಲು ನೀರಿನಲ್ಲೂ ಮಲದ ಸೂಕ್ಷ್ಮಾಣುಗಳಿದ್ದವು. ಆ ವರ್ಷದ ಕೊನೆಗೆ ಕೇಂದ್ರ ಕಾನೂನು ಬಂದು ಆ ತುಣುಕುಗಳ ಬಾಗಿಲು ಮುಚ್ಚಿತು. 2001ರಲ್ಲಿ ಅಲಾಸ್ಕ ರಾಜ್ಯವೂ ತನ್ನದೇ ಕಾನೂನು ಮಾಡಿತು. ಊರಿನ ಜನ ಗಲಾಟೆ ಮಾಡಿದ ಮೇಲೆ ಬಂದ ಕಾನೂನುಗಳಿವು. ಕಂಪನಿಗಳು ತಾವಾಗಿ ಕೇಳಿಕೊಂಡು ತಂದದ್ದಲ್ಲ.

ತಾವಾಗಿ ಮಾಡಿದ್ದು ಏನೆಂಬುದು ನ್ಯಾಯಾಲಯದ ಕಡತಗಳಲ್ಲಿದೆ. 1999ರಲ್ಲಿ ರಾಯಲ್ ಕೆರಿಬಿಯನ್ ಕಂಪನಿ 21 ಗಂಭೀರ ಅಪರಾಧಗಳನ್ನು ಒಪ್ಪಿಕೊಂಡು 1.8 ಕೋಟಿ ಡಾಲರ್ ದಂಡ ತೆತ್ತಿತು. ಎಣ್ಣೆ ಕೆಸರನ್ನೂ, ಫೋಟೊ ಸಂಸ್ಕರಣೆ ಹಾಗೂ ಬಟ್ಟೆ ಶುಚಿಮಾಡುವ ವಿಷರಾಸಾಯನಿಕಗಳನ್ನೂ ನೀರಿಗೆ ಬಿಟ್ಟ ಆರೋಪ ಅದು. ಈ ಒಳದಾರಿಯೂ ಅದರಲ್ಲಿತ್ತು. ಹಡಗಿನ ಎಣ್ಣೆಯ ಲೆಕ್ಕ ಬರೆಯುವ ದಾಖಲೆ ಪುಸ್ತಕವನ್ನು ಎಂಜಿನಿಯರುಗಳು ತಮ್ಮೊಳಗೆ ನಾರ್ವೆ ಭಾಷೆಯಲ್ಲಿ 'ಕಟ್ಟುಕತೆಯ ಪುಸ್ತಕ' ಎಂದು ಕರೆಯುತ್ತಿದ್ದರಂತೆ. ಆ ಕಂಪನಿಯ ಪ್ರಕರಣಗಳ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇದು. ಅರಣ್ಯ ಇಲಾಖೆಯ ನಾಟಾ ಲೆಕ್ಕವನ್ನು ಬಲ್ಲ ನಮ್ಮ ಓದುಗರಿಗೆ ನಗು ಬರಬಹುದು. 2016ರಲ್ಲಿ ಪ್ರಿನ್ಸೆಸ್ ಕಂಪನಿಯ ಸರದಿ: ಕಳ್ಳ ಕೊಳವೆ ಜೋಡಿಸಿ ಎಣ್ಣೆ ಕಲಸಿದ ನೀರನ್ನು ವರ್ಷಗಟ್ಟಲೆ ಕಡಲಿಗೆ ಬಿಟ್ಟದ್ದಕ್ಕೆ 4 ಕೋಟಿ ಡಾಲರ್. ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರನೊಬ್ಬ 2013ರಲ್ಲಿ ಇಂಗ್ಲೆಂಡಿನಲ್ಲಿ ದೂರು ಕೊಡದೆ ಇದ್ದಿದ್ದರೆ ಅದು ಇನ್ನೂ ಮುಂದುವರಿಯುತ್ತಿತ್ತು. ನ್ಯಾಯಾಲಯದ ನಿಗಾ ಇರುವಾಗಲೇ ಅದೇ ಸಮೂಹ ಮತ್ತೆ ಷರತ್ತು ಮುರಿದು 2019ರಲ್ಲಿ 2 ಕೋಟಿ ಡಾಲರ್ ತೆತ್ತಿತು. ಆ ನಿಗಾದ ಅವಧಿಯಲ್ಲೇ, 2018ರಲ್ಲಿ, ಸಮೂಹದ ಹಡಗೊಂದು ಗ್ಲೇಸಿಯರ್ ಬೇ ಉದ್ಯಾನದೊಳಗೇ ಬಚ್ಚಲು ನೀರು ಬಿಟ್ಟಿತ್ತು. ನಾನು ಮೇಲೆ ಹೇಳಿದೆನಲ್ಲ, ಕೂಪರನ ಚೌಕಗಳಿರುವ ಅದೇ ಕೊಲ್ಲಿ.

ಹೊಗೆಯದೂ ಒಂದು ಕತೆ. 2015ರಿಂದ ಉತ್ತರ ಅಮೆರಿಕದ ಕರಾವಳಿಯಲ್ಲಿ ಹಡಗಿನ ಇಂಧನದ ಗಂಧಕ ಶೇಕಡ 0.1ನ್ನು ಮೀರಬಾರದೆಂಬ ನಿಯಮವಿದೆ. ಶುದ್ಧ ಇಂಧನ ದುಬಾರಿ. ಆದ್ದರಿಂದ ಅನೇಕ ಹಡಗುಗಳು ಅಗ್ಗದ ದಪ್ಪ ಎಣ್ಣೆಯನ್ನೇ ಉರಿಸಿ, ಹೊಗೆಯನ್ನು ಕಡಲ ನೀರಿನಿಂದ ತೊಳೆದು, ಆ ಆಮ್ಲದ ನೀರನ್ನು ಕಡಲಿಗೇ ಬಿಡುವ ಯಂತ್ರ ಅಳವಡಿಸಿಕೊಂಡವು. ಗಾಳಿಗೆ ಹೋಗಬಾರದ್ದು ನೀರಿಗೆ ಹೋಯಿತು, ನಿಯಮ ಪಾಲನೆಯಾಯಿತು. ಇದನ್ನು ಅವರು ಶುದ್ಧೀಕರಣವೆನ್ನುತ್ತಾರೆ.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ದಕ್ಕೆಯಲ್ಲಿ ನಿಂತಾಗ ಎಂಜಿನ್ ಆರಿಸಿ ಊರಿನ ಜಲವಿದ್ಯುತ್ತನ್ನು ಪಡೆಯುವ ವ್ಯವಸ್ಥೆ ಜಗತ್ತಿನಲ್ಲೇ ಮೊದಲಿಗೆ, 2001ರಲ್ಲಿ, ಅಲಾಸ್ಕದ ರಾಜಧಾನಿ ಜೂನೋದಲ್ಲಿ ಶುರುವಾಯಿತು. ಹೊಸ ಹಡಗುಗಳಲ್ಲಿ ಒಳ್ಳೆಯ ಶುದ್ಧೀಕರಣ ಘಟಕಗಳಿವೆ. ಆದರೆ ಅವು ಸರಿಯಾಗಿ ಓಡುತ್ತಿವೆಯೇ ಎಂದು ನೋಡುವವರಾರು? 2006ರಲ್ಲಿ ಅಲಾಸ್ಕದ ಮತದಾರರು ಜನಮತದ ಮೂಲಕ ಪ್ರಯಾಣಿಕರ ಮೇಲೆ ತಲೆಗಂದಾಯ ಹಾಕಿ, ಅದರ ಒಂದಂಶದಿಂದ ಪರಿಣತ ಎಂಜಿನಿಯರುಗಳನ್ನು ಹಡಗಿನೊಳಗೇ ಕಾವಲಿಗೆ ನೇಮಿಸುವ ವ್ಯವಸ್ಥೆ ತಂದರು. 2010ರಲ್ಲಿ ತಲೆಗಂದಾಯವನ್ನು ತಗ್ಗಿಸಲಾಯಿತು. 2019ರಲ್ಲಿ ರಾಜ್ಯಪಾಲರು ಕಾವಲಿನ ಹಣವನ್ನೇ ಬಜೆಟ್ಟಿನಿಂದ ಹೊಡೆದುಹಾಕಿದರು. ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತರು. ಜನ ಒಮ್ಮೆ ಗೆದ್ದರೆ ಕಂಪನಿಗೆ ಹದಿಮೂರು ವರ್ಷ ಕಾಯುವ ಸಹನೆಯಿದೆ ಎಂಬುದನ್ನು ನಮ್ಮ ಹೋರಾಟಗಾರ ಗೆಳೆಯರು ಗಮನಿಸಬೇಕು.

ತಿಮಿಂಗಿಲದ ಬಾಲದ ಚಿತ್ರ ತೋರಿಸುವವರಿಗಾಗಿ ಒಂದು ಮಾತು. 2001ರ ಜುಲೈನಲ್ಲಿ ಗ್ಲೇಸಿಯರ್ ಬೇ ಬಳಿ ಗಬ್ಬದ ಹೆಣ್ಣು ತಿಮಿಂಗಿಲವೊಂದು ತಲೆಬುರುಡೆ ಒಡೆದು ಸತ್ತು ತೇಲುತ್ತಿತ್ತು. ಸಂಶೋಧಕರು ವರ್ಷಗಳಿಂದ ಗುರುತಿಟ್ಟು ಬಲ್ಲ ತಿಮಿಂಗಿಲ ಅದು. 'ಸ್ನೋ' ಎಂದು ಕರೆಯುತ್ತಿದ್ದರು. ತಿಮಿಂಗಿಲಗಳಿರುವ ನೀರಿನಲ್ಲಿ ವೇಗ ತಗ್ಗಿಸದೆ ಹಡಗು ಓಡಿಸಿದ ತಪ್ಪನ್ನು ಕಂಪನಿ ಒಪ್ಪಿಕೊಂಡದ್ದು 2007ರಲ್ಲಿ. ತೆತ್ತದ್ದು ಏಳೂವರೆ ಲಕ್ಷ ಡಾಲರ್.

ಹಡಗಿನ ಊಟದ ಸಾಲೆಯಲ್ಲಿ ಮೇಜು ಒರೆಸುತ್ತಿದ್ದ ಹುಡುಗ ನಾವು ಕನ್ನಡ ಮಾತಾಡುವುದನ್ನು ಕೇಳಿ ಹತ್ತಿರ ಬಂದ. ಮಂಗಳೂರಿನ ಕಡೆಯವನು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಹುಡುಗರು ಹೀಗೆ ಹಡಗಿಗೆ ಹೋದವರಿದ್ದಾರೆ. ಊರಲ್ಲಿ ಅವರನ್ನು 'ಶಿಪ್ಪಿನಲ್ಲಿರುವವರು' ಎನ್ನುವುದು ಗೌರವದಿಂದಲೇ. ಹಿಮನದಿ ಹೇಗನ್ನಿಸಿತೆಂದು ಅತ್ತಿಗೆ ಅವನನ್ನು ಕೇಳಿದರು. "ನಾಲ್ಕು ಸಲ ಬಂದಾಯ್ತು ಅಕ್ಕ. ಒಂದು ಸಲವೂ ಸರಿಯಾಗಿ ನೋಡ್ಲಿಕ್ಕೆ ಆಗ್ಲಿಲ್ಲ. ಹಡಗು ಅಲ್ಲಿ ನಿಲ್ಲುವ ಹೊತ್ತಿಗೆ ಇಲ್ಲಿ ರಶ್ ಉಂಟಲ್ಲ" ಎಂದ. ವಾರದ ರಜೆ ಎಂಬುದಿಲ್ಲ. ಕರಾರು ಮುಗಿಯುವವರೆಗೆ ಪ್ರತಿದಿನವೂ ಕೆಲಸ. ನಾವಿಕರ ದುಡಿಮೆಯ ಅಂತಾರಾಷ್ಟ್ರೀಯ ಒಡಂಬಡಿಕೆಯೇ ವಾರಕ್ಕೆ 72 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುತ್ತದೆ. ಹಡಗು ಹೊರಡುವುದು ಅಮೆರಿಕದ ಬಂದರಿನಿಂದ, ಹತ್ತುವವರಲ್ಲಿ ಹೆಚ್ಚಿನವರು ಅಮೆರಿಕದವರು. ಆದರೆ ಹಡಗಿನ ಬೆನ್ನಿಗೆ ಹಾರುವ ಬಾವುಟ ಬಹಾಮಾಸ್, ಪನಾಮಾ ಅಥವಾ ಬರ್ಮುಡಾದ್ದು. ಹಾಗಾಗಿ ಅಮೆರಿಕದ ಕನಿಷ್ಠ ಕೂಲಿಯ ನಿಯಮ ಆ ಹುಡುಗನನ್ನು ಮುಟ್ಟುವುದಿಲ್ಲ. ಪರದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸಬಾರದೆಂದು 1886ರ ಕಾನೂನೊಂದಿದೆ. ಅದನ್ನು ಪಾಲಿಸಲೆಂದೇ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತದೆ. ಪ್ರವಾಸಿಗರು ಅದನ್ನು ಹೂದೋಟ ನೋಡುವ ಕಾರ್ಯಕ್ರಮವೆಂದು ತಿಳಿದಿರುತ್ತಾರೆ.

ಆ ಹುಡುಗನಿಗೆ ಹಿಮನದಿ ಕಾಣಿಸಲಿಲ್ಲ. ಹಿಮನದಿಯ ಮಕ್ಕಳ ಗತಿ ಏನು? ಗ್ಲೇಸಿಯರ್ ಬೇ ಹೂನಾ ಟ್ಲಿಂಗಿಟ್ ಜನರ ಮೂಲನೆಲೆ. 18ನೇ ಶತಮಾನದಲ್ಲಿ ಹಿಮ ಮುಂದೊತ್ತಿ ಬಂದಾಗ ಅವರು ಊರು ಬಿಟ್ಟು ಓಡಬೇಕಾಯಿತು. ನಾಯಿ ಓಡುವಷ್ಟು ವೇಗವಾಗಿ ಹಿಮ ಬಂತೆಂದು ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಹಿಮ ಸರಿದ ಮೇಲೆ ಮರಳಿ ಬಂದರು, ಮೀನು ಹಿಡಿದರು, ವಸಂತದಲ್ಲಿ ದ್ವೀಪಗಳಿಗೆ ಹೋಗಿ ಕಡಲಕ್ಕಿಗಳ ಮೊಟ್ಟೆ ಆಯ್ದರು. ಗೂಡಿನಲ್ಲಿ ಎಷ್ಟು ಮೊಟ್ಟೆಯಿದ್ದರೆ ತೆಗೆಯಬಹುದು, ಎಷ್ಟಿದ್ದರೆ ಮುಟ್ಟಬಾರದು ಎಂಬ ಕಟ್ಟಳೆ ಅವರಲ್ಲಿತ್ತು. ಉದ್ಯಾನದ ನಿಯಮಗಳು ಬಿಗಿಯಾದ ಮೇಲೆ ಮೊಟ್ಟೆ ಆಯುವುದು ಅಪರಾಧವಾಯಿತು. ಅದೇ ಉದ್ಯಾನದೊಳಗೆ ದಿನಕ್ಕೆ ಎರಡು ವಿಹಾರ ಹಡಗುಗಳಿಗೆ ಪರವಾನಗಿಯಿದೆ! ಅಜ್ಜಿಯೊಬ್ಬಳು ಬುಟ್ಟಿ ಹಿಡಿದು ಬಂದರೆ ನಿಸರ್ಗ ಕೆಡುತ್ತದೆ, ನಾಲ್ಕು ಸಾವಿರ ಜನರ ತೇಲುವ ಹೋಟೆಲು ಬಂದರೆ ಕೆಡುವುದಿಲ್ಲ. ಮೊಟ್ಟೆ ಆಯುವ ಹಕ್ಕನ್ನು ಮರಳಿ ಕೊಡುವ ಕಾನೂನು ಬಂದದ್ದು 2014ರಲ್ಲಿ. 2016ರಲ್ಲಿ ಬಾರ್ಟ್‌ಲೆಟ್ ಕೋವ್‌ನಲ್ಲಿ ಅವರ ಸಮುದಾಯದ ಮನೆಯೊಂದು ಎದ್ದಿತು. ಜೇನು, ಉಪ್ಪಾಗೆ, ಸೀಗೆ ತರಲು ಹೋಗಿ ಗಾರ್ಡಿನ ಎದುರು ಕೈಕಟ್ಟಿ ನಿಂತ ಜನ ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಈ ಕತೆ ಅರ್ಥವಾದಷ್ಟು ಹಡಗಿನ ಉಪನ್ಯಾಸಕನಿಗೆ ಅರ್ಥವಾಗಿರಲಾರದು.

ಆ ಕರಾವಳಿಗೆ ಹೊರಗಿನವರು ಬಂದದ್ದೆಲ್ಲ ಏನನ್ನಾದರೂ ಒಯ್ಯಲಿಕ್ಕೇ. ರಷ್ಯನ್ನರು ನೀರುನಾಯಿಯ ತುಪ್ಪಳಕ್ಕೆ ಬಂದರು. ಆಮೇಲೆ ಬಂಗಾರ, ಡಬ್ಬಿಯ ಸಾಲ್ಮನ್. 1950ರ ದಶಕದಲ್ಲಿ ಸರ್ಕಾರ ಕಾಗದದ ತಿರುಳಿನ ಕಾರ್ಖಾನೆಗಳಿಗೆ ಐವತ್ತು ವರ್ಷಗಳ ಕರಾರು ಬರೆದುಕೊಟ್ಟು ಟಾಂಗಾಸ್‌ನ ಹಳೆಯ ಮರಗಳನ್ನು ಪುಡಿಗಾಸಿಗೆ ಒಪ್ಪಿಸಿತು. ದಾಂಡೇಲಿಯ ಕಾಗದ ಕಾರ್ಖಾನೆಗೆ ಅದೇ ದಶಕದಲ್ಲಿ ಬಿದಿರು ಟನ್ನಿಗೆ ಒಂದೆರಡು ರೂಪಾಯಿಯ ದರದಲ್ಲಿ ಹೋದದ್ದನ್ನು ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಭೂಗೋಳ ಬೇರೆ, ಬುದ್ಧಿ ಒಂದೇ. ಸಿಟ್ಕಾದ ಕಾರ್ಖಾನೆ 1993ರಲ್ಲಿ, ಕೆಚಿಕನ್ನಿನದು 1997ರಲ್ಲಿ ಮುಚ್ಚಿದವು. ಕೆಲಸ ಕಳೆದುಕೊಂಡ ಊರುಗಳಿಗೆ ಬಂದ ಹೊಸ ಗುತ್ತಿಗೆದಾರ ಹಡಗು ಕಂಪನಿ. ಈ ಸಲ ಒಯ್ಯುವುದು ನೋಟವನ್ನು. ನೋಟ ಕಡಿದರೆ ಬೊಡ್ಡೆ ಉಳಿಯುವುದಿಲ್ಲ. ಹಾಗಾಗಿ ಹಾನಿ ಎಲ್ಲಿದೆ ತೋರಿಸಿ ಎಂದು ಸವಾಲು ಹಾಕುವುದು ಸುಲಭ.

ತೋರಿಸುವುದು ಹೇಗೆಂದು ಜೂನೋದ ಜನ ಕಂಡುಕೊಂಡರು: ಎಣಿಸುವುದು. ಊರಿನ ಜನಸಂಖ್ಯೆ 32,000. ರಸ್ತೆ ಮಾರ್ಗವಿಲ್ಲದ ರಾಜಧಾನಿ ಅದು. ದೋಣಿಯಲ್ಲೋ ವಿಮಾನದಲ್ಲೋ ಹೋಗಬೇಕು. 2023ರ ಒಂದೇ ಋತುವಿನಲ್ಲಿ ಅಲ್ಲಿಗೆ ಬಂದ ಹಡಗು ಪ್ರವಾಸಿಗರು 16 ಲಕ್ಷ ಮೀರಿದರು. ತಲೆಗೆ ಐವತ್ತು ಅತಿಥಿಗಳು. 1,200 ಜನರಿರುವ ಸ್ಕ್ಯಾಗ್ವೇಯಲ್ಲಿ ಒಂದೇ ದಿನ ಹತ್ತು ಸಾವಿರ ಮೀರಿ ಜನ ಇಳಿಯುವುದುಂಟು. ನಾನು ಜೂನೋದಲ್ಲಿ ಇಳಿದ ದಿನ ದಕ್ಕೆಯಲ್ಲಿ ಹಡಗುಗಳು ಸಾಲುಗಟ್ಟಿದ್ದವು. ಅವುಗಳ ಮುಂದೆ ಊರಿನ ಮನೆಗಳು ಮಕ್ಕಳ ಆಟಿಕೆಯಂತೆ ಕಾಣುತ್ತಿದ್ದವು. ಮುಖ್ಯ ಬೀದಿಯಲ್ಲಿ ವಜ್ರದಂಗಡಿಗಳು ಸಾಲುಸಾಲು. ಹಡಗುಗಳು ನಿಂತ ಮೇಲೆ ಶರತ್ಕಾಲದಲ್ಲಿ ಅವೂ ಬಾಗಿಲು ಹಾಕುತ್ತವೆ. ತಲೆಯ ಮೇಲೆ ಹಿಮನದಿಗೆ ಹೋಗಿಬರುವ ಹೆಲಿಕಾಪ್ಟರುಗಳ ಸದ್ದು.

1999ರಲ್ಲೇ ಜೂನೋದ ಮತದಾರರು ಪ್ರಯಾಣಿಕರೊಬ್ಬರಿಗೆ ಐದು ಡಾಲರ್ ಶುಲ್ಕ ವಿಧಿಸಿದ್ದರು. ಆ ಹಣದ ಸ್ವಲ್ಪ ಭಾಗದಿಂದ ಊರು ಕಡಲಂಚಿನಲ್ಲಿ ಕಾಲುದಾರಿ ಮಾಡಿ, ಕಂಚಿನ ತಿಮಿಂಗಿಲ ನಿಲ್ಲಿಸಿದ ಉದ್ಯಾನ ಕಟ್ಟಿದಾಗ, ಹಡಗು ಕಂಪನಿಗಳ ಒಕ್ಕೂಟ 2016ರಲ್ಲಿ ದಾವೆ ಹೂಡಿತು. ಶುಲ್ಕವನ್ನು ಹಡಗಿಗೆ ಸಂಬಂಧಿಸಿದ ಸೇವೆಗೆ ಮಾತ್ರ ಬಳಸಬೇಕೆಂದು 2018ರಲ್ಲಿ ತೀರ್ಪೂ ಬಂತು. ಆದರೆ ಊರು ಸುಮ್ಮನಾಗಲಿಲ್ಲ. ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಒಪ್ಪಂದ 2024ರಿಂದ ಜಾರಿಗೆ ಬಂತು. ಆ ವರ್ಷ ಆದ ಇನ್ನೊಂದು ಒಪ್ಪಂದದಂತೆ 2026ರ ಋತುವಿನಿಂದ ಹಡಗುಗಳ ಒಟ್ಟು ಹಾಸಿಗೆಗಳ ಲೆಕ್ಕ ದಿನಕ್ಕೆ 16,000, ಶನಿವಾರ 12,000 ಮೀರುವಂತಿಲ್ಲ. ಶನಿವಾರ ದೊಡ್ಡ ಹಡಗೇ ಬೇಡವೆಂಬ ಪ್ರಸ್ತಾವ 2024ರ ಅಕ್ಟೋಬರಿನಲ್ಲಿ ಮತಕ್ಕೆ ಬಿದ್ದು ಸೋತಿತು. ಹತ್ತರಲ್ಲಿ ಆರು ಮಂದಿ ವಿರುದ್ಧ ಮತ ಹಾಕಿದರು.

ನೋಡಿ, ಸ್ಥಳೀಯರಿಗೇ ಹಡಗು ಬೇಕು, ನಿಮಗೇನು ಕಷ್ಟ ಎಂದು ಈಗ ಯಾರಾದರೂ ಕೇಳಬಹುದು. ಕೇಳಲಿ. ಸೋತ ಆ ಮತದಾನವನ್ನೇ ನಾನು ಎತ್ತಿ ಹಿಡಿಯುತ್ತೇನೆ. ಊರಿನ ಮುಂದೆ ಪ್ರಶ್ನೆ ಬಂತು, ಊರು ಉತ್ತರ ಕೊಟ್ಟಿತು. ಹೂನಾ ಎಂಬ ಟ್ಲಿಂಗಿಟ್ ಹಳ್ಳಿಯನ್ನು ನೋಡಿ. ಮರ, ಮೀನುಗಾರಿಕೆಗಳ ಆದಾಯ ಕುಸಿದಾಗ ಅಲ್ಲಿನ ಮೂಲನಿವಾಸಿಗಳದೇ ಕಂಪನಿ ಹಳೆಯ ಮೀನು ಕಾರ್ಖಾನೆಯನ್ನು ಪ್ರವಾಸಿ ತಾಣವಾಗಿಸಿ 2004ರಲ್ಲಿ ಹಡಗುಗಳನ್ನು ಬರಮಾಡಿಕೊಂಡಿತು. ಸುತ್ತಾಟದ ಟಿಕೆಟ್ಟಿನ ಹಣ ಹಳ್ಳಿಯವರ ಕಂಪನಿಗೇ ಬರುತ್ತದೆ. ಇದನ್ನು ನಾನು ವಿರೋಧಿಸಲಾರೆ. ಪ್ರವಾಸೋದ್ಯಮ ಬೇಕೋ ಬೇಡವೋ ಎಂಬುದು ನನ್ನ ಪ್ರಶ್ನೆಯಲ್ಲ. ಮಿತಿಯ ಸಂಖ್ಯೆಯನ್ನು ಬರೆಯುವ ಪೆನ್ನು ಯಾರ ಕೈಯಲ್ಲಿದೆ ಎಂಬುದು ಪ್ರಶ್ನೆ. ನಾರ್ವೆಯ ಸಂಸತ್ತು 2018ರಲ್ಲಿ, ತನ್ನ ವಿಶ್ವಪರಂಪರೆಯ ಫಿಯರ್ಡುಗಳಿಗೆ (ಬೆಟ್ಟಗಳ ನಡುವೆ ನುಗ್ಗಿದ ಆಳವಾದ ಕಡಲ ಚಾಚುಗಳಿಗೆ) ಹೊಗೆಯುಗುಳುವ ಪ್ರವಾಸಿ ಹಡಗು 2026ರಿಂದ ಬರಕೂಡದೆಂದು ನಿರ್ಣಯಿಸಿತು. ಗಡುವು ಹತ್ತಿರವಾದಾಗ 10,000 ಟನ್ನೇಜಿನ ಮೇಲಿನ ಹಡಗುಗಳಿಗೆ 2032ರವರೆಗೆ ವಿನಾಯಿತಿ ಸಿಕ್ಕಿತು. ಸಣ್ಣವರಿಗೆ ನಿಯಮ, ದೊಡ್ಡವರಿಗೆ ಕಾಲಾವಕಾಶ. ಆ ಪೆನ್ನನ್ನು ಹಿಡಿದವರು ಫಿಯರ್ಡಿನ ದಡದ ಕುರಿಗಾಹಿಗಳಂತೂ ಅಲ್ಲ.

ಇನ್ನೊಂದು ವಾದವೂ ಉಂಟು. ಹಿಮನದಿಯನ್ನು ಕಣ್ಣಾರೆ ಕಂಡವರು ಅದನ್ನು ಉಳಿಸಲು ದುಡಿಯುತ್ತಾರೆ ಎಂಬುದು. ಒಂದು ವಾರ ಕಾದೆ. ಹಡಗಿನ ಉಪನ್ಯಾಸಗಳಲ್ಲಿ ಕರಡಿಯ ಬಗ್ಗೆ, ಬಂಗಾರದ ಬೇಟೆಯ ಬಗ್ಗೆ, ಮರುದಿನದ ರಿಯಾಯಿತಿ ಮಾರಾಟದ ಬಗ್ಗೆ ಮಾತಿತ್ತು. ಹಿಮ ಯಾಕೆ ಕರಗುತ್ತಿದೆ ಎಂದು ಹೇಳಿದವರು ಉದ್ಯಾನದಿಂದ ಹಡಗೇರಿ ಬಂದ ರೇಂಜರುಗಳು ಮಾತ್ರ. ಅವರು ಸಂಜೆಗೆ ಇಳಿದುಹೋದರು.

ಕರಗುವಿಕೆಯ ವಿಷಯದಲ್ಲಿ ವಿಜ್ಞಾನಿಯಾಗಿ ಮಾತು ಎಚ್ಚರದಿಂದ ಆಡಬೇಕು. ಗ್ಲೇಸಿಯರ್ ಬೇಯ ಹಿಮ ಸರಿಯತೊಡಗಿದ್ದು ಕೈಗಾರಿಕೆಯ ಹೊಗೆ ದಟ್ಟವಾಗುವುದಕ್ಕೂ ಮೊದಲೇ. ಅದನ್ನೆಲ್ಲ ಹಡಗಿನ ತಲೆಗೆ ಕಟ್ಟಲಾಗದು. ಆದರೆ ಜೂನೋದ ಬೆನ್ನಿಗಿರುವ ಹಿಮಬಯಲನ್ನು ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನದಂತೆ, 2010ರ ಬಳಿಕ ಅದು ಕರಗುವ ವೇಗ ಅದರ ಹಿಂದಿನ ಮೂರು ದಶಕಗಳ ಇಮ್ಮಡಿಯಷ್ಟಾಗಿದೆ. ಇದಕ್ಕೆ ತಾಪ ಏರುತ್ತಿರುವುದೇ ಮುಖ್ಯ ಕಾರಣ. ಫಲ ಉಣ್ಣುವವರು ಊರಿನವರು. ಮೆಂಡನ್‌ಹಾಲ್ ಹಿಮನದಿಯ ಪಕ್ಕದ ಹಳ್ಳದಲ್ಲಿ ಕರಗಿದ ನೀರು ಕಟ್ಟಿ ನಿಂತು 2011ರಿಂದ ಆಗಾಗ ಒಮ್ಮೆಲೇ ಒಡೆದು ಬರುತ್ತಿದೆ. 2023ರ ಆಗಸ್ಟಿನಲ್ಲಿ ಮನೆಯೇ ಹೊಳೆಗೆ ಕುಸಿದುಬಿತ್ತು. ನಾವು ಹಿಂತಿರುಗಿದ ಮರು ತಿಂಗಳು, 2024ರ ಆಗಸ್ಟಿನಲ್ಲಿ, ಸುಮಾರು 300 ಮನೆಗಳಿಗೆ ನೀರು ನುಗ್ಗಿತು. 2025ರಲ್ಲಿ ನೀರು ಅದಕ್ಕಿಂತಲೂ ಮೇಲೇರಿತು. ಹೊಳೆಯಂಚಿಗೆ ಕಟ್ಟಿದ್ದ ತಡೆಗೋಡೆ ಬಹುಪಾಲು ಮನೆಗಳನ್ನು ಉಳಿಸಿತು.

ಅದೇ 2025ರ ಆಗಸ್ಟ್ 10ರ ಬೆಳಗಿನ ಜಾವ ಜೂನೋದ ದಕ್ಷಿಣಕ್ಕಿರುವ ಟ್ರೇಸಿ ಆರ್ಮ್ ಎಂಬ ಫಿಯರ್ಡಿನಲ್ಲಿ, ಹಿಮನದಿಯ ಆಸರೆ ಕಳೆದುಕೊಂಡ ಬೆಟ್ಟದ ಮಗ್ಗುಲು ಕುಸಿದು ನೀರಿಗೆ ಬಿತ್ತು. ಎದ್ದ ಅಲೆ ಎದುರು ದಡದಲ್ಲಿ 470 ಮೀಟರಿಗೂ ಮೇಲಕ್ಕೆ ಕಾಡನ್ನು ಕಿತ್ತು ಬಂಡೆಯನ್ನು ಬೆತ್ತಲೆ ಮಾಡಿತು. ಜೋಗದ ಎತ್ತರ 253 ಮೀಟರ್ ಎಂದು ನೆನೆದರೆ ಅದರ ಅಗಾಧತೆ ತಿಳಿದೀತು. ವಿಹಾರ ಹಡಗುಗಳು ಬಂದು ನಿಂತು ಫೋಟೊ ತೆಗೆಸುತ್ತಿದ್ದ ಫಿಯರ್ಡು ಅದು. ಆ ಮುಂಜಾನೆ ಒಳಗೆ ದೊಡ್ಡ ಹಡಗು ಇರಲಿಲ್ಲ. ನಡುಹಗಲಾಗಿದ್ದರೆ?

ಇದನ್ನೆಲ್ಲ ಮಲೆನಾಡಿನ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ 'ಕ್ರೂಸ್ ಭಾರತ್ ಮಿಷನ್' ಎಂಬ ಯೋಜನೆಯನ್ನು ಉದ್ಘಾಟಿಸಿತು. 2029ರೊಳಗೆ ಹಡಗು ಪ್ರವಾಸಿಗರ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಗುರಿ. ಕಡಲು ಮಾತ್ರವಲ್ಲ, ನದಿ, ಒಳನಾಡಿನ ಜಲಮಾರ್ಗಗಳೂ ಅದರ ವ್ಯಾಪ್ತಿಯಲ್ಲಿವೆ. ನವಮಂಗಳೂರು ಬಂದರಿಗೆ ವಿದೇಶಿ ವಿಹಾರ ಹಡಗುಗಳು ವರ್ಷಗಳಿಂದ ಬರುತ್ತಿವೆ. ಇಳಿದವರು ಬಸ್ಸಿನಲ್ಲಿ ಕಾರ್ಕಳ, ಮೂಡುಬಿದಿರೆ ಸುತ್ತಿ ಸಂಜೆಗೆ ಮರಳುತ್ತಾರೆ. ಇಮ್ಮಡಿ ಎಂಬ ಸಂಖ್ಯೆ ಹೇಳಿದವರು ಮಿತಿ ಎಂಬ ಸಂಖ್ಯೆಯನ್ನು ಹೇಳಿಲ್ಲ. ಮಿತಿ ಇಲ್ಲದಿದ್ದರೆ ಏನಾಗುತ್ತದೆಂದು ತಿಳಿಯಲು ಹಡಗೇ ಬೇಕಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಸಾವಿರಾರು ಚಾರಣಿಗರು ನೆರೆದದ್ದನ್ನು ಎಲ್ಲರೂ ನೋಡಿದ್ದೇವೆ. ಆಮೇಲೆ ಸರ್ಕಾರ ಚಾರಣ ನಿಲ್ಲಿಸಿ, ನೋಂದಣಿಯ ಮಿತಿ ತಂದಿತು. ಒಳ್ಳೆಯದೇ. ಆದರೆ ಆ ಮಿತಿಯನ್ನು ಇಲಾಖೆ ತನ್ನ ಕೋಣೆಯಲ್ಲಿ ಬರೆಯಿತು. ಬೆಟ್ಟದ ಬುಡದ ಗ್ರಾಮಸಭೆಯನ್ನು ಕೇಳಿ ಬರೆಯಲಿಲ್ಲ. ಕೋಣೆಯಲ್ಲಿ ಬರೆದದ್ದನ್ನು ಕೋಣೆಯಲ್ಲೇ ಅಳಿಸಲೂ ಬರುತ್ತದೆ. ಅಲಾಸ್ಕದ ಕಾವಲು ಎಂಜಿನಿಯರುಗಳ ಗತಿ ನೆನಪಿರಲಿ.

ಆದ್ದರಿಂದ ಬಳಗದ ಮಿತ್ರರಲ್ಲಿ ಕೋರಿಕೆ. ನಿಮ್ಮ ಹೊಳೆ, ಹಿನ್ನೀರು, ಅಳಿವೆ, ಬೆಟ್ಟಗಳಿಗೆ ಸಂಬಂಧಿಸಿದ ಯಾವುದೇ ಪ್ರವಾಸೋದ್ಯಮ ಯೋಜನೆ ಪಂಚಾಯತಿಗೆ ಬಂದರೆ ಅದರ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ದಿನಕ್ಕೆ ಗರಿಷ್ಠ ಎಷ್ಟು ಜನ, ಅವರ ಬಚ್ಚಲು ನೀರು ಎಲ್ಲಿಗೆ, ನಿಯಮ ಮುರಿದರೆ ಪರವಾನಗಿ ರದ್ದುಮಾಡುವ ಅಧಿಕಾರ ಯಾರಿಗೆ, ಇಷ್ಟನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿರಿ. ಕಾಲೇಜಿನ ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ತಮ್ಮ ಊರಿನ ಜಲಪಾತದ ದಾರಿಯಲ್ಲಿ ಒಂದು ಶನಿವಾರ, ಒಂದು ಭಾನುವಾರ ಕುಳಿತು ವಾಹನ, ಜನ, ಬಿಸಾಡಿದ ಬಾಟಲಿ ಎಣಿಸಿ ಪಟ್ಟಿ ಮಾಡಿಕೊಡಲಿ. ಪಟ್ಟಿಗಳನ್ನು ಬಳಗಕ್ಕೆ ತಲುಪಿಸಿದರೆ ಇದೇ ಪತ್ರಿಕೆಯಲ್ಲಿ ಊರಿನ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.